ಬಾಗಿಲು ಕೆತ್ತಿದ್ದು ಯಾರು?

ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿನ ಹೆಸರು ‘ಎಲ್ಲರೂ ಕ್ಷೇಮವಾ’. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರುತ್ತಿದ್ದಾಗ ಯಾರು ಎಲ್ಲಿದ್ದಾರೆ ಅಂತ ತಿಳಿಯೋಕೆ ಕಟ್ಟಿದ್ದು. ಆಮೇಲೆ ಹೆಸರು ಬದಲಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಈಗ ಅದರಲ್ಲಿ ತಪ್ಪದೆ ಬರುವುದು ಎರಡೇ: ಗುಲಾಬಿ ಮೇಲೆ ಬರೆದ ಶುಭೋದಯ ಮತ್ತು ದೊಡ್ಡಪ್ಪನ ಮಳೆ ಲೆಕ್ಕ. ಮಾದಾಪುರದ ಕಡೆ ಇರುವ ಹಳೆ ಮನೆಯ ಅಂಗಳದಲ್ಲಿ ಅವರ ಮಳೆ ಮಾಪಕ ಇದೆ. ಬೆಳಿಗ್ಗೆ ಏಳಕ್ಕೆ ನೋಡಿ ‘3 ಇಂಚು 40 ಸೆಂಟ್’ ಅಂತ ಹಾಕುತ್ತಾರೆ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್). ಟವರ್ ಇದ್ದರೆ ಏಳಕ್ಕೇ ಬರುತ್ತದೆ, ಇಲ್ಲದಿದ್ದರೆ ಸಂಜೆ. ಈ ಟವರ್ ವಿಚಾರ ಮುಂದೆ ಬೇಕಾಗುತ್ತದೆ, ನೆನಪಿರಲಿ.

ಜುಲೈ–ಆಗಸ್ಟಿನ ಕಕ್ಕಡ ತಿಂಗಳ ಮಳೆ ಜಡಿ ಹಿಡಿದಿದ್ದ ಒಂದು ಭಾನುವಾರ ಕುಶಾಲನಗರದ ಅತ್ತೆ ಒಂದು ಉದ್ದನೆಯ ಸಂದೇಶ ತಳ್ಳಿದರು. ತಲೆಯ ಮೇಲೆ ಜೋಡಿ ಬಾಣ, ‘ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ’. ಕೆಳಗೆ: ‘ಪ್ಲಂಬರ್ ಬೇಡ! ಎಲೆಕ್ಟ್ರಿಷಿಯನ್ ಬೇಡ! ಬಡಗಿ ಬೇಡ! ಈ 12 ರಿಪೇರಿ ನೀವೇ ಮಾಡಿ, ಸಾವಿರಾರು ರೂಪಾಯಿ ಉಳಿಸಿ!! ತೊಟ್ಟಿಕ್ಕುವ ಒಂದು ನಲ್ಲಿಯಿಂದ ದಿನಕ್ಕೆ 100 ಲೀಟರ್ ನೀರು ಪೋಲು!!’ ಜೊತೆಗೆ ಅತ್ತೆಯ ಸ್ವಂತದ ಸಾಲು: ‘ಮೊನ್ನೆ ವಾಷರ್ ಹಾಕೋಕೆ ಬಂದವ 600 ತಗೊಂಡ. ಕಾಫಿ ಬೇರೆ ಎರಡು ಸಲ ಕುಡಿದ.’

ಅತ್ತೆ ಹನ್ನೆರಡನ್ನೂ ಓದಿರಲಿಲ್ಲ ಅಂತ ಬೇಕಾದರೆ ಬರೆದುಕೊಡುತ್ತೇನೆ. ಆ 600 ರೂಪಾಯಿಯ ಉರಿಗೆ ‘ಪ್ಲಂಬರ್ ಬೇಡ’ ಅನ್ನುವಷ್ಟು ಸಾಕಾಗಿತ್ತು.

ಬೆಂಗಳೂರು ಅಣ್ಣ ಒಂದೇ ಪದ ಹಾಕಿದ: ‘ಸೋರ್ಸ್?’

ಅತ್ತೆ: ‘ಹೌದು ಕಣೋ, ಸೋರ್ತಾನೇ ಇತ್ತು. ಅದಕ್ಕೇ ಕರೆಸಿದ್ದು.’

ಅಣ್ಣ: ‘ಅಲ್ಲ ಅತ್ತೆ, ಇದನ್ನ ಬರೆದೋರು ಯಾರು ಅಂತ. ಸೆಕೆಂಡಿಗೊಂದು ಹನಿ ಅಂದ್ರೂ ದಿನಕ್ಕೆ 86,400 ಹನಿ. ನೂರು ಲೀಟರ್ ಆಗ್ಬೇಕಾದ್ರೆ ಒಂದು ಹನಿ ಒಂದು ಮಿಲಿಗಿಂತ ದಪ್ಪ ಇರ್ಬೇಕು. ಅದು ಹನಿಯಲ್ಲ, ಗುಟುಕು.’

ನರ್ಸ್ ಅಕ್ಕ ಡ್ಯೂಟಿಯ ನಡುವೆಯೇ ಬಂದು ‘ನಮ್ಮ ಡ್ರಿಪ್ ಸೆಟ್‌ನಲ್ಲಿ 20 ಹನಿಗೆ ಒಂದು ಮಿಲಿ’ ಅಂದಳು. ಲೆಕ್ಕ ಹಾಕಿದರೆ ನಾಲ್ಕೂಕಾಲು ಲೀಟರ್ ಚಿಲ್ಲರೆ. ಅತ್ತೆಗೆ ಇದು ತಮ್ಮ 600 ರೂಪಾಯಿಗೆ ಆದ ಅವಮಾನದ ಹಾಗೆ ಕಂಡಿತು. ‘ಲೆಕ್ಕ ಹೇಳೋಕೆ ಎಲ್ರೂ ಇದ್ದಾರೆ, ಸ್ಪ್ಯಾನರ್ ಹಿಡಿಯೋಕೆ ಯಾರೂ ಇಲ್ಲ.’

ಸೋಮವಾರಪೇಟೆ ಭಾವ: ‘ಇಲ್ಲಿ ಆಕಾಶವೇ ಸೋರ್ತಿದೆ, ನಿಮಗೆ ನಲ್ಲಿ ಚಿಂತೆ.’

ನಿಜ ಹೇಳಬೇಕೆಂದರೆ ಆ ಸಂದೇಶದ ನಲ್ಲಿ ರಿಪೇರಿಯ ಭಾಗ ತಪ್ಪಿರಲಿಲ್ಲ. ನಾನೇ ಮಡಿಕೇರಿಯ ಮನೆಯಲ್ಲಿ ಮಾಡಿದ್ದೇನೆ. ಗೇಟ್ ವಾಲ್ವ್ ಮುಚ್ಚಿ, ನಲ್ಲಿ ತಿರುಗಿಸಿ ಪೈಪಿನಲ್ಲಿ ಉಳಿದ ನೀರನ್ನು ಬಸಿದು, ಹೊಳಪು ಗೀಚದಿರಲೆಂದು ಬಟ್ಟೆ ಸುತ್ತಿ ಸ್ಪ್ಯಾನರ್ ಹಾಕಬೇಕು. ಒಳಗಿನ ಹಳೆ ವಾಷರ್ ಹೊರಗೆ ಬಂದಾಗ ಅದರ ಮುಖದ ಮೇಲೆ ಬಳೆ ಒತ್ತಿದ ಹಾಗೆ ಗುಂಡನೆಯ ತಗ್ಗು, ರಬ್ಬರ್ ಅಂತೂ ಹುಣಸೆ ಬೀಜದ ಹಾಗೆ ಗಟ್ಟಿ. ಹೊಸದಕ್ಕೆ ಐದೋ ಹತ್ತೋ ರೂಪಾಯಿ. ಆದರೆ ಇದೆಲ್ಲ ಸುತ್ತು ಸುತ್ತು ತಿರುಗಿಸುವ ಹಳೆ ನಲ್ಲಿಯ ಮಾತು. ಕಾಲು ಸುತ್ತಿಗೇ ತೆರೆಯುವ ಹೊಸ ನಲ್ಲಿಗಳಲ್ಲಿ ಸಾಮಾನ್ಯವಾಗಿ ಸಿರಾಮಿಕ್ ಬಿಲ್ಲೆಗಳ ಕಾರ್ಟ್ರಿಜ್ ಇರುತ್ತದೆ, ಅದನ್ನೇ ಇಡಿಯಾಗಿ ಬದಲಿಸಬೇಕು. ಅತ್ತೆಯ ಮನೆಯದು ಯಾವುದು ಅಂತ ಕೇಳಿದೆ. ಉತ್ತರ ಬರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಭಾವ ಬಾಲ್ಯಕ್ಕೆ ಹೋಗಿಬಿಟ್ಟಿದ್ದ.

‘ಅಜ್ಜ ಇದ್ದಾಗ ಯಾವ ಪ್ಲಂಬರ್ ಬರ್ತಿದ್ದ? ಹೆಂಚು ಒಡೆದ್ರೆ ಅಟ್ಟ ಹತ್ತಿ ಒಳಗಿಂದಾನೇ ಅಡಿಕೆ ಹಾಳೆ ತೂರಿಸ್ತಿದ್ರು. ಮಳೆ ಮುಗಿಯೋವರೆಗೂ ಒಂದು ಹನಿ ಇಲ್ಲ. ನಾವೆಲ್ಲ ಕೆಳಗೆ ಚೆಂಬು ಇಟ್ಕೊಂಡು ಟಿಣ್ ಟಿಣ್ ಕೇಳ್ತಾ ಮಲಗ್ತಿದ್ವಿ. ನಮ್ಮ ಮನೆ ಹೆಂಚು 1865ನೇ ಇಸವಿದು ಗೊತ್ತಾ, ಅದರ ಮೇಲೇ ಬರೆದಿದೆ.’

ಅಣ್ಣ: ‘ಒಂದು ಹನಿ ಇಲ್ಲ ಅಂದ್ರೆ ಚೆಂಬು ಯಾಕೆ? ಮತ್ತೆ 1865 ಅನ್ನೋದು ಮಂಗಳೂರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಹೆಂಚು ಸುಟ್ಟ ವರ್ಷ ಅಲ್ಲ.’

ಭಾವ: ‘ನಿನಗೆ ಯಾವುದರಲ್ಲೂ ಖುಷಿ ಇಲ್ಲ.’

ಆದರೂ ಹಾಳೆಯ ವಿಷಯದಲ್ಲಿ ಭಾವನಿಗೇ ನನ್ನ ಮತ. ಪಾಚಿ ಕಟ್ಟಿದ ಹೆಂಚಿನ ಮೇಲೆ ಜುಲೈನಲ್ಲಿ ಕಾಲಿಡುವವನಿಗೆ ತಲೆ ಇಲ್ಲ. ಹೆಂಚು ಬದಲಿಸುವ ಕೆಲಸ ಏಪ್ರಿಲ್–ಮೇಯದು. ಮಳೆಯಲ್ಲಿ ಏನಿದ್ದರೂ ಒಳಗಿಂದ ಮೇಲಿನ ಹೆಂಚನ್ನು ತುಸು ಎತ್ತಿ, ಅದರಡಿಗೆ ಹಾಳೆಯನ್ನೋ ತಗಡನ್ನೋ ನೀರು ಕೆಳಗಿನ ಹೆಂಚಿಗೆ ಇಳಿಯುವ ಹಾಗೆ ತೂರಿಸುವುದಷ್ಟೇ.

ಜಗಳಕ್ಕೆ ನಿಜವಾದ ಕಿಡಿ ಬಿದ್ದದ್ದು ಎಂಟನೇ ಅಂಶದಿಂದ. ‘ಮಳೆಗಾಲದಲ್ಲಿ ಬಾಗಿಲು ಕಚ್ಚಿಕೊಂಡರೆ ಅಂಚಿಗೆ ಕೀಸುಳಿ ಹೊಡೆಯಿರಿ.’ ಅತ್ತೆ ಅದಷ್ಟನ್ನೇ ಎತ್ತಿ ಹಾಕಿ ‘ಇದನ್ನ ಮಾತ್ರ ಯಾರೂ ಮಾಡ್ಬೇಡಿ, ನಮ್ಮನೇಲಿ ಮಾಡಿದವರಿದ್ದಾರೆ’ ಅಂದರು.

ಗುಂಪು ಎರಡು ನಿಮಿಷ ತಣ್ಣಗಾಯಿತು. ‘ಟೈಪ್ ಮಾಡುತ್ತಿದ್ದಾರೆ’ ಅಂತ ಚಿಕ್ಕಪ್ಪನ ಹೆಸರು ಮೂಡುತ್ತದೆ, ಮಾಯವಾಗುತ್ತದೆ, ಮತ್ತೆ ಮೂಡುತ್ತದೆ.

ಗೊತ್ತಿಲ್ಲದವರಿಗೆ ಹಿನ್ನೆಲೆ: ಹಳೆ ಮನೆಯ ಮುಂಬಾಗಿಲು ಹಲಸಿನ ಮರದ್ದು. ನಾನು ಪ್ರೈಮರಿಯಲ್ಲಿದ್ದಾಗ ಒಂದು ಜುಲೈನಲ್ಲಿ ಅದು ಹೊಸ್ತಿಲ ಕಡೆ ಕಚ್ಚಿಕೊಂಡಿತು. ಚಿಕ್ಕಪ್ಪ ಕೀಸುಳಿ ತಂದು ಸುರುಳಿ ಸುರುಳಿಯಾಗಿ ಹೆರೆದು, ಒಂದೇ ಬೆರಳಲ್ಲಿ ಬಾಗಿಲು ತಳ್ಳಿ ತೋರಿಸಿದರು. ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಮರ ಮಳೆಯಲ್ಲಿ ಉಬ್ಬಿದ್ದು ಬೇಸಿಗೆಯಲ್ಲಿ ಕುಗ್ಗುತ್ತದಲ್ಲ? ಶಿವರಾತ್ರಿ ಹೊತ್ತಿಗೆ ಬೆಕ್ಕು ಹೊರಗೆ ಕೂತು ಸಂದಿಯಲ್ಲಿ ಕೈ ಹಾಕಿ ಕರೆಯುವಷ್ಟಾಯಿತು. ಆ ಸಂದಿಗೆ ಹೊಡೆದ ರೀಪಿನ ಪಟ್ಟಿ ಈಗ ಪ್ರತಿ ಮಳೆಗಾಲ ಬಾಗಿಲಿಗಿಂತ ಗಟ್ಟಿಯಾಗಿ ಕಚ್ಚುತ್ತದೆ. ಮಳೆಯಲ್ಲಿ ಉಜ್ಜುವ ಜಾಗಕ್ಕೆ ಮೇಣದ ಬತ್ತಿ ತಿಕ್ಕಿ, ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟು, ಒಣಗಿದ ಮೇಲೆ ಬೇಕಿದ್ದರೆ ಹೆರೆದರೆ ಸಾಕಿತ್ತು. ಅದನ್ನು ಆಗ ಯಾರೂ ಹೇಳಲಿಲ್ಲ.

ಚಿಕ್ಕಪ್ಪ ಕಡೆಗೂ ಬರೆದರು: ‘ಕೆತ್ತಿದ್ದು ನಾನು. ಕೆತ್ತು ಅಂದಿದ್ದು ಯಾರು ಅಂತಾನೂ ಹೇಳಿ.’

ಅತ್ತೆ: ‘ನಾನು ಸ್ವಲ್ಪ ಅಂದಿದ್ದೆ.’

ಚಿಕ್ಕಪ್ಪ: ‘ಬಾಗಿಲು ಲೆಕ್ಕಕ್ಕೆ ಇದೆ. ಏಣಿ ಲೆಕ್ಕಕ್ಕಿಲ್ಲ.’

ಏಣಿ! ಮೆಣಸು ಕೊಯ್ಯೋಕೆ ಎಲ್ಲರೂ ಸೇರಿ ಕೊಂಡ ಅಲ್ಯೂಮಿನಿಯಂ ಏಣಿಯನ್ನು ಪೊನ್ನಂಪೇಟೆ ಮಾವ ‘ಎರಡು ದಿನಕ್ಕೆ’ ಅಂತ ಒಯ್ದು ಆರು ವರ್ಷವಾಯಿತು. ಗುಂಪಲ್ಲಿ ಎಂದೂ ಬಾಯಿ ಬಿಡದ ಮಾವ ಆ ದಿನ ಬಿಟ್ಟರು: ‘ಅಲ್ಯೂಮಿನಿಯಂ ಏಣಿ ಕರೆಂಟ್ ಲೈನಿಗೆ ತಾಗಿ ತೋಟಗಳಲ್ಲಿ ಎಷ್ಟು ಜನ ಹೋದ್ರು, ಪೇಪರ್ ಓದಲ್ವಾ? ನಿಮ್ಮ ಒಳ್ಳೇದಕ್ಕೇ ಇಲ್ಲಿ ಇಟ್ಕೊಂಡಿದ್ದೀನಿ.’

ಅಪಾಯದ ಮಾತು ಸತ್ಯ. ಆದರೆ ಅವರ ತೋಟದ ಮೇಲೂ ಲೈನ್ ಹಾದು ಹೋಗುತ್ತದೆ.

ಚಿಕ್ಕಪ್ಪ: ‘ಹಾಗಾದ್ರೆ ಈ ಮನೇಲಿ ತಪ್ಪು ಮಾಡಿದವನು ನಾನೊಬ್ಬನೇನಾ?’

ಸಮಯ 7.14. ಆಗ ಮಾದಾಪುರಕ್ಕೆ ಟವರ್ ಬಂತು. ದೊಡ್ಡಪ್ಪನ ಇಡೀ ದಿನದ ಸಂದೇಶಗಳು ಒಟ್ಟಿಗೆ ಇಳಿದವು.

‘ಹೌದು.’

‘4 ಇಂಚು 10 ಸೆಂಟ್.’

‘ಒಳ್ಳೆ ಸಂದೇಶ. ಎಲ್ಲರೂ ಪಾಲಿಸಿ. ಸ್ವಂತ ಕೈಯಲ್ಲಿ ಕೆಲಸ ಮಾಡೋದ್ರಲ್ಲಿ ಮರ್ಯಾದೆ ಇದೆ. ಈಗಿನವರಿಗೆ ಬಲ್ಬ್ ಬದಲಿಸೋಕೂ ಆ್ಯಪ್ ಬೇಕು.’

ಆ ‘ಹೌದು’, ‘ಬಿಪಿ ಮಾತ್ರೆ ತಗೊಂಡ್ರಾ’ ಅಂತ ನರ್ಸ್ ಅಕ್ಕ ಬೆಳಿಗ್ಗೆ ಕೇಳಿದ್ದಕ್ಕೆ ಉತ್ತರ. ಬಿಡಿಸಿ ಹೇಳುವಷ್ಟರಲ್ಲಿ ‘ಚಿಕ್ಕಪ್ಪ ಗುಂಪಿನಿಂದ ಹೊರನಡೆದರು’ ಅಂತ ಬೂದು ಬಣ್ಣದಲ್ಲಿ ಬಂದಾಗಿತ್ತು.

ರಾತ್ರಿ ಕೂತು ಮೊದಲ ಸಲ ಆ ಸಂದೇಶವನ್ನು ಪೂರ್ತಿ ಓದಿದೆ. ಗ್ಯಾಸ್ ರೆಗ್ಯುಲೇಟರಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡುವುದು, ಸರಿ. ಸೋರಿಕೆ ಕಂಡರೆ 1906ಕ್ಕೆ ಫೋನ್ ಮಾಡಿ ಅಂತಲೂ ಹಾಕಬಹುದಿತ್ತು. ಐದನೆಯದಕ್ಕೆ ಬಂದಾಗ ಬೆನ್ನು ನೆಟ್ಟಗಾಯಿತು. ‘ಫ್ಯೂಸ್ ಪದೇ ಪದೇ ಹೋಗುತ್ತಿದೆಯೇ? ದಪ್ಪ ತಾಮ್ರದ ತಂತಿ ಎರಡು ಸುತ್ತು ಹಾಕಿ. ಮತ್ತೆ ಹೋಗುವುದೇ ಇಲ್ಲ!’ ಇಡೀ ದಿನ, ನೂರಾ ಚಿಲ್ಲರೆ ಸಂದೇಶಗಳಲ್ಲಿ, ಸೋರ್ಸ್ ಕೇಳಿದ ಅಣ್ಣನೂ ಸೇರಿ ಒಬ್ಬರೂ ಇದನ್ನು ಮುಟ್ಟಿರಲಿಲ್ಲ. ಹೋಗುವುದಕ್ಕೆಂದೇ ಇರುವ ತಂತಿ ಅದು. ಅದು ಕರಗಲಿಲ್ಲ ಅಂದರೆ ಬಿಸಿಯಾಗುವುದು ಗೋಡೆಯೊಳಗಿನ ವೈರು, ಅಟ್ಟದ ಮರಕ್ಕೆ ಒತ್ತಿಕೊಂಡ ವೈರು.

‘ಇದನ್ನ ಮಾಡಿದವರು ಶುದ್ಧ ತಿಳಿಗೇಡಿಗಳು’ ಅಂತ ಶುರು ಮಾಡಿ ಉದ್ದಕ್ಕೆ ಟೈಪ್ ಮಾಡಿದೆ. ಕಳಿಸುವ ಮುಂಚೆ ಯಾಕೋ ದೊಡ್ಡಪ್ಪನಿಗೆ ಬೇರೆಯಾಗಿ ಕೇಳಿದೆ: ‘ನಿಮ್ಮಲ್ಲಿ ಫ್ಯೂಸ್ ಹೇಗಿದೆ?’

ಅದೃಷ್ಟಕ್ಕೆ ಟವರ್ ಇತ್ತು. ‘ಕರೆಂಟ್ ಹೇಗೂ ಇಲ್ಲ, ಬಿಚ್ಚಿ ತೋರಿಸ್ತೀನಿ’ ಅಂದರು. ಮೊದಲು ಮೇನ್ ಇಳಿಸಿ, ಯಾವ ಗಳಿಗೆಗೆ ಬರುತ್ತೋ ಗೊತ್ತಿಲ್ಲ ಅಂತ ಬೈದೆ. ಇಳಿಸಿದೆ ಅಂದರು. ಟಾರ್ಚ್ ಬೆಳಕಲ್ಲಿ ಫೋಟೋ ಬಂತು. ಪಿಂಗಾಣಿಯ ಕ್ಯಾರಿಯರ್, ಒಂದು ತುದಿ ಕಾಫಿ ಬಣ್ಣಕ್ಕೆ ತಿರುಗಿದೆ. ಮಧ್ಯೆ ತಾಮ್ರದ ತಂತಿ ಮೂರು ಎಳೆ, ಜಡೆ ಹೆಣೆದ ಹಾಗೆ ಅಚ್ಚುಕಟ್ಟಾಗಿ ಹೊಸೆದದ್ದು.

‘ಯಾರು ಹಾಕಿದ್ದು ದೊಡ್ಡಪ್ಪ?’

‘ನಿನ್ನ ಅಪ್ಪ. ಕೊನೇ ಸಲ ಬಂದಾಗ. ಒಳ್ಳೆ ಕೈ ಅವನದ್ದು, ಆಮೇಲೆ ಒಂದ್ಸಲವೂ ಹೋಗಿಲ್ಲ.’

ಟೈಪ್ ಮಾಡಿದ್ದನ್ನು ಅಳಿಸಿದೆ. ‘ಐದನೇದು ತಪ್ಪು, ಸರಿಯಾದ ಆಂಪಿಯರ್‌ನ ಫ್ಯೂಸ್ ವೈರನ್ನೇ ಹಾಕಿ’ ಅಂತ ಮಾತ್ರ ಗುಂಪಿಗೆ ಹಾಕಿದೆ. ಮೂರು ಹೆಬ್ಬೆರಳು ಬಂದವು.

ಮಂಗಳವಾರ ವೈರಿಂಗ್ ಹುಡುಗನನ್ನು ಹಳೆ ಮನೆಗೆ ಕಳಿಸಿದೆ. ಹೆಚ್ಚು ಕರೆಂಟ್ ಹರಿದರೆ ತಾನೇ ಬೀಳುವ ಎಂಸಿಬಿ, ಕರೆಂಟ್ ಸೋರಿದರೆ ಕಡಿದುಬಿಡುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಟ್ಟದಲ್ಲಿ ಇಲಿ ಕಡಿದಿದ್ದ ವೈರಿಗೆ ಬದಲು ಹೊಸದು. ಮುಂಬಾಗಿಲು ಕಚ್ಚಿಕೊಂಡಿದ್ದರಿಂದ ಹಿತ್ತಿಲಿಂದ ಒಳಗೆ ಹೋದನಂತೆ. ಅತ್ತೆ ಅಷ್ಟರಲ್ಲಿ ಚಿಕ್ಕಪ್ಪನನ್ನು ಗುಂಪಿಗೆ ವಾಪಸು ಸೇರಿಸಿದ್ದರು, ಎಲ್ಲ ತಣ್ಣಗಿತ್ತು. ಸಂಜೆ ದೊಡ್ಡಪ್ಪ ಗುಂಪಿಗೆ ಒಂದು ಫೋಟೋ ಹಾಕಿದರು. ಊಟದ ಮೇಜು, ಅದರ ಮೇಲೆ ಕುರ್ಚಿ, ಅದರ ಮೇಲೆ ಆ ಹುಡುಗ, ತಲೆ ಅಟ್ಟದೊಳಗೆ. ಕೆಳಗೆ ಬರೆದಿದ್ದರು:

‘2 ಇಂಚು 85 ಸೆಂಟ್. ಏಣಿ ಪೊನ್ನಂಪೇಟೆಯಲ್ಲಿದೆ.’