ಸಹಾಯ ಬೇಕು: ದೊಡ್ಡ ಫೋಟೋ ತೆರೆದರೆ ಆ್ಯಪ್ ಕ್ರ್ಯಾಶ್
ಕುಂಬಳೆ ಕಡೆಯ ಹಳೆಯ ಯಕ್ಷಗಾನ ಪ್ರಸಂಗಗಳ ಕೈಬರಹದ ಪುಟಗಳನ್ನು ಫೋನಿನಲ್ಲೇ ಓದಲು ಒಂದು ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇನೆ. ಸಣ್ಣ ಫೋಟೋಗೆ ತೊಂದರೆ ಇಲ್ಲ. 50 ಮೆಗಾಪಿಕ್ಸೆಲ್‌ನದ್ದು ತೆರೆದರೆ ಸಾಕು, ಢಮಾರ್! ಲಾಗ್‌ಕ್ಯಾಟ್‌ನಲ್ಲಿ (ಆಂಡ್ರಾಯ್ಡ್‌ನ ಲಾಗ್) ‘ಟ್ರೈಯಿಂಗ್ ಟು ಡ್ರಾ ಟೂ ಲಾರ್ಜ್ ಬಿಟ್‌ಮ್ಯಾಪ್’, ಅಂದರೆ ತೆರೆಯ ಮೇಲೆ ಬಿಡಿಸಲು ಚಿತ್ರ ತೀರಾ ದೊಡ್ಡದು ಅಂತ ಬರುತ್ತದೆ. ಜೆಪೆಗ್ ಫೈಲ್ ಸಣ್ಣದೇ. ಆದರೆ 8160×6120 ಪಿಕ್ಸೆಲ್, ಒಂದೊಂದಕ್ಕೆ 4 ಬೈಟ್ ಅಂದರೆ ಮೆಮೊರಿಯಲ್ಲಿ ಸುಮಾರು 200 ಎಂಬಿ ಆಯ್ತಲ್ವಾ?

ಇನ್‌ಸ್ಯಾಂಪಲ್‌ಸೈಜ್ 4 ಕೊಟ್ಟು ಫೋಟೋದ ಉದ್ದ, ಅಗಲ ಎರಡನ್ನೂ ಕಾಲು ಭಾಗಕ್ಕೆ ಇಳಿಸಿದರೆ ಕ್ರ್ಯಾಶ್ ಇಲ್ಲ. ಆದರೆ ಜೂಮ್ ಮಾಡಿದಾಗ ಒತ್ತಕ್ಷರಗಳೆಲ್ಲ ಮಸುಕು. ಓದಲು ಆಗದಿದ್ದರೆ ಆ್ಯಪ್ ಯಾಕೆ? ಲಾರ್ಜ್‌ಹೀಪ್ (ಆ್ಯಪ್‌ಗೆ ಹೆಚ್ಚು ಮೆಮೊರಿ ಕೇಳುವ ಸೆಟ್ಟಿಂಗ್) ಹಾಕಿ ಅಂತ ಸುಮ್ನೆ ಹೇಳಬೇಡಿ, ಈ ಎರರ್‌ಗೆ ಅದು ಮದ್ದಲ್ಲ.

ಚಿತ್ರದ ಬೇಕಾದ ಭಾಗವನ್ನಷ್ಟೇ ಮೆಮೊರಿಗೆ ತರುವ ಬಿಟ್‌ಮ್ಯಾಪ್‌ರೀಜನ್‌ಡಿಕೋಡರ್ ಬಳಸಿ ಕಾಣುವಷ್ಟೇ ಭಾಗವನ್ನು ಯಾರಾದರೂ ತೋರಿಸಿದ್ದೀರಾ? ಬೆರಳಿನಲ್ಲಿ ಸರಿಸುವಾಗ ತಡವರಿಸದ ಹಾಗೆ ಏನು ಮಾಡಿದಿರಿ? ಕೋಡ್ ಇದ್ದರೆ ಸ್ವಲ್ಪ ಹಾಕಿ ಮಾರಾಯ್ರೆ.