ನಿದ್ರೆ ಬಾರದ ಪೈಲಟ್, ಹೇಳಿಕೊಳ್ಳಲಾಗದ ಭಯ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ನನ್ನ ಪತಿ ವಿಮಾನಯಾನ ಸಂಸ್ಥೆಯೊಂದರಲ್ಲಿ ಫಸ್ಟ್ ಆಫೀಸರ್, ಅಂದರೆ ಸಹಪೈಲಟ್. ಕೆಲವು ತಿಂಗಳುಗಳಿಂದ ಅವರಿಗೆ ರಾತ್ರಿಯ ಹಾರಾಟಗಳು ಹೆಚ್ಚಾಗಿವೆ. ಮನೆಯಲ್ಲಿದ್ದ ದಿನವೂ ನಮ್ಮೊಡನೆ ಇದ್ದಂತಿರುವುದಿಲ್ಲ, ಮಗಳು ಮಾತನಾಡಿಸಿದರೆ ರೇಗುತ್ತಾರೆ, ಮಲಗಿದರೂ ನಿದ್ರೆ ಬರುವುದಿಲ್ಲ ಎನ್ನುತ್ತಾರೆ. ವೈದ್ಯರನ್ನು ಕಾಣೋಣವೆಂದರೆ "ಒಮ್ಮೆ ದಾಖಲೆಯಾದರೆ ಲೈಸೆನ್ಸ್ ಹೋದಂತೆಯೇ" ಎಂದು ಬಾಯಿ ಮುಚ್ಚಿಸುತ್ತಾರೆ. ನಾನು ಸುಮ್ಮನಿರಲೇ, ಅಥವಾ ಅವರ ಸಂಸ್ಥೆಗೆ ನಾನೇ ತಿಳಿಸಲೇ?

ಈ ಪತ್ರಕ್ಕೆ ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ಸೋದರಿ, ಪೈಲಟ್ ಕೆಲಸ ಹೊರಗಿನವರಿಗೆ ಹಗುರವಾಗಿ ಕಾಣುವುದು ಗಂಟೆಗಳ ಲೆಕ್ಕದಿಂದಾಗಿ. ಹಲವು ದೇಶಗಳ ನಿಯಮದ ಪ್ರಕಾರ ಒಬ್ಬ ಪೈಲಟ್ ವರ್ಷಕ್ಕೆ 900 ಅಥವಾ 1,000 ಗಂಟೆಗಳಿಗಿಂತ ಹೆಚ್ಚು ಹಾರುವಂತಿಲ್ಲವಾದ್ದರಿಂದ, ಕಚೇರಿಯ ನೌಕರ ಇದರ ಎರಡು ಪಟ್ಟು ದುಡಿಯುತ್ತಾನಲ್ಲ ಎಂದು ಬಂಧುಗಳು ಹೇಳುವುದನ್ನು ನೀವೂ ಕೇಳಿರಬಹುದು. ಆದರೆ ಈ ಗಂಟೆಗಳು ವಿಮಾನವು ಒಂದು ನಿಲುಗಡೆಯಿಂದ ಕದಲಿದಾಗ ಶುರುವಾಗಿ ಇನ್ನೊಂದು ನಿಲುಗಡೆಗೆ ಬಂದು ನಿಂತಾಗ ಮುಗಿಯುತ್ತವೆ. ಹಾರಾಟಕ್ಕೆ ಮುನ್ನ ಹವಾಮಾನ ಮತ್ತು ಇಂಧನದ ಪರಿಶೀಲನೆ, ಎರಡು ಹಾರಾಟಗಳ ನಡುವಿನ ಕಾಯುವಿಕೆ, ಯಾವ ಕ್ಷಣದಲ್ಲಿ ಕರೆ ಬಂದೀತೋ ಎಂದು ಫೋನಿನ ಪಕ್ಕದಲ್ಲಿ ಕಳೆಯುವ ಸ್ಟ್ಯಾಂಡ್‌ಬೈ, ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್ ಎಂಬ ಅಣಕು ವಿಮಾನದಲ್ಲಿ ಎದುರಾಗುವ ಪರೀಕ್ಷೆಯ ಓದು, ಇವೆಲ್ಲ ಆ ಲೆಕ್ಕದಿಂದ ಹೊರಗೇ ಉಳಿಯುತ್ತವೆ.

ಇದಕ್ಕಿಂತ ಮುಖ್ಯವಾದದ್ದು ಆ ಗಂಟೆಗಳು ದಿನದ ಯಾವ ಹೊತ್ತಿನಲ್ಲಿ ಬೀಳುತ್ತವೆ ಎಂಬುದು. ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಮನುಷ್ಯನ ದೇಹದ ಉಷ್ಣತೆಯೂ ಎಚ್ಚರವೂ ತೀರ ಕೆಳಮಟ್ಟಕ್ಕೆ ಇಳಿದಿರುತ್ತವೆ. ಎಷ್ಟೇ ವರ್ಷಗಳ ಅನುಭವವಿದ್ದರೂ ಆ ಇಳಿತವನ್ನು ಯಾರೂ ಗೆಲ್ಲಲಾರರು. ಇಡೀ ರಾತ್ರಿ ಹಾರಿ ಮನೆಗೆ ಬಂದವರು ಬೆಳಿಗ್ಗೆ ಮಲಗಿದರೆ, ದಣಿವು ಎಳೆಯುತ್ತಿದ್ದರೂ ದೇಹದ ಗಡಿಯಾರ ಏಳು ಎನ್ನುತ್ತಿರುತ್ತದೆ. ಹಾಗಾಗಿ ಹಗಲಿನ ನಿದ್ರೆ ಚಿಕ್ಕದು, ತುಂಡು ತುಂಡಾದದ್ದು. ಕಾಲವಲಯಗಳನ್ನು ದಾಟಿ ಬಂದಿದ್ದರೆ ಆ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಹೊಂದಿಕೊಳ್ಳಬಲ್ಲದು, ಅದು ಸರಿಹೋಗುವಷ್ಟರಲ್ಲಿ ಮುಂದಿನ ಹಾರಾಟ ಬಂದಿರುತ್ತದೆ. ನಿಮ್ಮ ಪತಿ ಮನೆಯಲ್ಲಿದ್ದೂ ನಿಮ್ಮೊಡನೆ ಇಲ್ಲದಿರುವುದಕ್ಕೆ ಪ್ರೀತಿಯ ಕೊರತೆಯೇ ಕಾರಣವೆಂದು ದಯವಿಟ್ಟು ತೀರ್ಮಾನಿಸಬೇಡಿ.

ಹಾಗೆಂದು ಇದನ್ನು ಸಹಜವೆಂದು ಬಿಟ್ಟುಬಿಡಬಹುದು ಎಂದು ನಾನು ಹೇಳುತ್ತಿಲ್ಲ. 2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತಾಗ, ದಣಿವಿನಿಂದ ಪೈಲಟ್‌ಗಳ ಸಾಮರ್ಥ್ಯ ಕುಗ್ಗಿದ್ದಿರಬೇಕು ಎಂದು ತನಿಖೆ ಹೇಳಿತು. ಮರುವರ್ಷ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ದುರಂತದ ತನಿಖಾ ವರದಿಯಲ್ಲಿ, ಹಾರಾಟದ ನಡುವೆ ದೀರ್ಘಕಾಲ ನಿದ್ರಿಸಿದ್ದ ಕ್ಯಾಪ್ಟನ್‌ರನ್ನು ಎಚ್ಚರವಾದ ಮೇಲೂ ಬಿಡದ ನಿದ್ರೆಯ ಜಡತ್ವದ ಪ್ರಸ್ತಾಪವಿದೆ. ಅಮೆರಿಕ 2014ರಿಂದ ಜಾರಿಗೆ ತಂದ ನಿಯಮದಲ್ಲಿ ಕರ್ತವ್ಯಕ್ಕೆ ಮುನ್ನ ಕನಿಷ್ಠ ಹತ್ತು ಗಂಟೆಗಳ ವಿಶ್ರಾಂತಿ, ಅದರೊಳಗೆ ಎಂಟು ಗಂಟೆ ಅಡೆತಡೆಯಿಲ್ಲದೆ ಮಲಗುವ ಅವಕಾಶ ಕಡ್ಡಾಯವಾಯಿತು. ಆದರೆ ಯಾವ ನಿಯಮವೂ ಕೊಡಬಲ್ಲದ್ದು ಮಲಗುವ ಅವಕಾಶವನ್ನು ಮಾತ್ರ. ನಿದ್ರೆ ಬಂದಿತೋ ಇಲ್ಲವೋ ಎಂಬುದು ಪೈಲಟ್‌ಗೆ ಮಾತ್ರ ಗೊತ್ತು. ಬರಲಿಲ್ಲವಾದರೆ "ಇಂದು ನಾನು ಹಾರಲು ಯೋಗ್ಯನಲ್ಲ" ಎಂದು ಹೇಳುವ ಹೊಣೆಯನ್ನೂ ಕಾನೂನು ಅವನ ಮೇಲೆಯೇ ಇಟ್ಟಿದೆ. ನಿಮ್ಮ ಪತಿ ಮೊದಲು ಮಾಡಬೇಕಾದ ಕೆಲಸ ಇದು. ಅದರ ನಂತರ ದಣಿವಿನ ವರದಿಯನ್ನು ಬರಹದಲ್ಲಿ ಕೊಡಲಿ. ಕ್ಯಾಪ್ಟನ್ ಹುದ್ದೆಗೆ ಬಡ್ತಿ ಹತ್ತಿರವಿರುವಾಗ ಹೀಗೆ ಹೇಳಲು ಧೈರ್ಯ ಬೇಕು ಎಂಬುದನ್ನು ನಾನು ಬಲ್ಲೆ. ಆದರೆ ತನ್ನ ಮಿತಿಯನ್ನು ಅರಿತು ಹಿಂದೆ ಸರಿಯುವ ಫಸ್ಟ್ ಆಫೀಸರ್‌ಗಳೇ ಮುಂದೆ ನಂಬಿಕೆಗೆ ಅರ್ಹರಾದ ಕ್ಯಾಪ್ಟನ್‌ಗಳಾದದ್ದನ್ನು ತರಬೇತುದಾರನಾಗಿ ನಾನು ಕಣ್ಣಾರೆ ಕಂಡಿದ್ದೇನೆ.

ಸಂಸ್ಥೆಗೆ ನೀವಾಗಿಯೇ ತಿಳಿಸುವುದನ್ನು ಸದ್ಯಕ್ಕೆ ಮಾಡಬೇಡಿ. ಅವರ ಬೆನ್ನ ಹಿಂದೆ ಹೋದ ಮಾತು ಅವರನ್ನು ಇನ್ನಷ್ಟು ಮೌನಕ್ಕೆ ತಳ್ಳುತ್ತದೆ.

— ನಿವೃತ್ತ ಕ್ಯಾಪ್ಟನ್

*

ವಾಯುಯಾನ ವೈದ್ಯಕೀಯದಲ್ಲಿ ಕೆಲಸ ಮಾಡುವವಳಾಗಿ ನಾನು ಈ ಪತ್ರದಲ್ಲಿರುವ "ಲೈಸೆನ್ಸ್ ಹೋದಂತೆಯೇ" ಎಂಬ ನಂಬಿಕೆಯನ್ನು ಕುರಿತು ವಿವರವಾಗಿ ಬರೆಯಬೇಕಾಗಿದೆ, ಏಕೆಂದರೆ ಪೈಲಟ್‌ಗಳ ಆರೋಗ್ಯಕ್ಕೆ ರೋಗಕ್ಕಿಂತ ಈ ನಂಬಿಕೆಯೇ ಹೆಚ್ಚು ಕೆಡುಕು ಮಾಡಿದೆ.

ಪ್ರಯಾಣಿಕ ವಿಮಾನ ನಡೆಸುವವರಿಗೆ ಮೊದಲನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಬೇಕು. ಅದು ಸಾಮಾನ್ಯವಾಗಿ ಒಂದು ವರ್ಷದ್ದು, ಅರವತ್ತು ದಾಟಿದವರಿಗೆ ಆರು ತಿಂಗಳಿನದು. ಜೀವನೋಪಾಯವೇ ಹೀಗೆ ವರ್ಷ ವರ್ಷವೂ ವೈದ್ಯರ ಸಹಿಗೆ ಕಾಯಬೇಕಾದ ಉದ್ಯೋಗಗಳು ಬಹಳಿಲ್ಲ, ಆದ್ದರಿಂದ ನಿಮ್ಮ ಪತಿಯ ಭಯಕ್ಕೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಆದರೆ ತಾತ್ಕಾಲಿಕ ಅನರ್ಹತೆಗೂ ಶಾಶ್ವತ ಅನರ್ಹತೆಗೂ ಬಹಳ ವ್ಯತ್ಯಾಸವಿದೆ. ಕಾಲು ಮುರಿದವರೂ ಶಸ್ತ್ರಚಿಕಿತ್ಸೆಯಾದವರೂ ಕೆಲಕಾಲ ಹಾರದೆ ನೆಲದಲ್ಲಿದ್ದು ಮರಳುತ್ತಾರೆ. ನಿದ್ರಾಹೀನತೆಯೂ ಬಹುಮಟ್ಟಿಗೆ ಅಂಥದ್ದೇ, ಅದಕ್ಕೆ ಮೊದಲು ಕೊಡಬೇಕಾದ ಚಿಕಿತ್ಸೆ ಮಾತ್ರೆಯೂ ಅಲ್ಲ. ಮಲಗುವ ಹೊತ್ತು, ಬೆಳಕು, ಕಾಫಿ, ಹಾಸಿಗೆಯಲ್ಲಿ ಎಚ್ಚರವಾಗಿ ಕಳೆಯುವ ಸಮಯ, ನಿದ್ರೆಯ ಬಗೆಗಿನ ಆತಂಕ ಇವುಗಳನ್ನು ಕ್ರಮವಾಗಿ ತಿದ್ದುವ ಮಾತಿನ ಚಿಕಿತ್ಸೆ ಅನೇಕರಿಗೆ ಸಾಕಾಗುತ್ತದೆ, ರಾತ್ರಿಪಾಳಿಯವರಿಗೆ ಅದನ್ನು ಅವರ ರೋಸ್ಟರಿಗೆ, ಅಂದರೆ ಕೆಲಸದ ವೇಳಾಪಟ್ಟಿಗೆ, ಹೊಂದಿಸಿ ಕೊಡಬೇಕಾಗುತ್ತದೆ.

ಖಿನ್ನತೆಯೇ ಇದ್ದರೂ ದಾರಿ ಮುಚ್ಚಿಲ್ಲ. ಆಸ್ಟ್ರೇಲಿಯಾ ಬಹಳ ಹಿಂದೆಯೇ, ಅಮೆರಿಕ 2010ರಿಂದ, ಕೆಲವು ನಿರ್ದಿಷ್ಟ ಖಿನ್ನತೆ ನಿವಾರಕಗಳನ್ನು ಸೇವಿಸುತ್ತಿರುವ ಪೈಲಟ್‌ಗಳು ನಿಗದಿತ ಅವಧಿಯವರೆಗೆ ಸ್ಥಿರವಾಗಿದ್ದರೆ ವೈದ್ಯರ ನಿಗಾದಲ್ಲಿ ಹಾರಲು ಅವಕಾಶ ಕೊಟ್ಟಿವೆ. ನಿಮ್ಮ ಪತಿಯ ಲೈಸೆನ್ಸ್ ಕೊಟ್ಟ ದೇಶದ ನಿಯಮ ಇದಕ್ಕಿಂತ ಬೇರೆಯಾಗಿರಬಹುದು. ಅದನ್ನು ಸಹೋದ್ಯೋಗಿಗಳ ಹರಟೆಯಿಂದ ತಿಳಿಯದೆ, ಅಧಿಕೃತ ವಾಯುಯಾನ ವೈದ್ಯರನ್ನೇ ಕೇಳಿ ತಿಳಿಯಬೇಕು. 2016ರಲ್ಲಿ ಹಾರ್ವರ್ಡ್ ಸಂಶೋಧಕರು ಪ್ರಕಟಿಸಿದ, ಹೆಸರು ಹೇಳಬೇಕಿಲ್ಲದ ಸಮೀಕ್ಷೆಯಲ್ಲಿ ಉತ್ತರಿಸಿದ ಪೈಲಟ್‌ಗಳಲ್ಲಿ ಶೇ. 12.6ರಷ್ಟು ಜನರ ಉತ್ತರಗಳು ಖಿನ್ನತೆಯ ಮಾನದಂಡಕ್ಕೆ ಹೊಂದಿದ್ದವು. ಎಂಟು ಜನರಲ್ಲಿ ಒಬ್ಬರು ಎಂದ ಮೇಲೆ ಇದನ್ನು ಒಬ್ಬ ವ್ಯಕ್ತಿಯ ದೌರ್ಬಲ್ಯ ಎನ್ನುವುದು ಹೇಗೆ?

2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನದ ಸಹಪೈಲಟ್ ಉದ್ದೇಶಪೂರ್ವಕವಾಗಿ ವಿಮಾನವನ್ನು ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದಾಗ 150 ಜನ ಸತ್ತರು. ಆ ನಂತರ ಅನೇಕರು ಮಾನಸಿಕ ಕಾಯಿಲೆಯನ್ನೇ ಅಪರಾಧದಂತೆ ಕಂಡರು. ಫ್ರಾನ್ಸಿನ ತನಿಖಾ ಸಂಸ್ಥೆಯ ವರದಿ ಮಾತ್ರ ಇನ್ನೂ ಆಳಕ್ಕೆ ಹೋಗಿ, ಹಾರುವ ಹಕ್ಕನ್ನೂ ಆದಾಯವನ್ನೂ ಕಳೆದುಕೊಳ್ಳುವ ಭಯ ಪೈಲಟ್‌ಗಳನ್ನು ಹೇಳಿಕೊಳ್ಳದಂತೆ ತಡೆಯುತ್ತಿದೆ ಎಂಬುದನ್ನು ಗುರುತಿಸಿ, ಸಹೋದ್ಯೋಗಿಗಳ ನೆರವಿನ ಗುಂಪುಗಳನ್ನು ಸ್ಥಾಪಿಸಬೇಕೆಂದು ಶಿಫಾರಸು ಮಾಡಿತು. ಯುರೋಪಿನಲ್ಲಿ 2021ರಿಂದ ವಿಮಾನಯಾನ ಸಂಸ್ಥೆಗಳು ಇಂಥ ವ್ಯವಸ್ಥೆಯನ್ನು ತಮ್ಮ ಪೈಲಟ್‌ಗಳಿಗೆ ಒದಗಿಸಲೇಬೇಕಾಗಿದೆ. ಅವರಿರುವ ಸಂಸ್ಥೆಯಲ್ಲಿ ಅಥವಾ ಪೈಲಟ್‌ಗಳ ಸಂಘದಲ್ಲಿ ಅದು ಇದೆಯೇ ಎಂದು ವಿಚಾರಿಸುವಂತೆ ಹೇಳಿ.

ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಲೇಬೇಕು. ಗುಟ್ಟಾಗಿ ತಂದ ನಿದ್ರೆಮಾತ್ರೆ, ಮಂಪರು ತರಿಸುವ ನೆಗಡಿಯ ಮಾತ್ರೆ, ನಿದ್ರೆ ಬರಲೆಂದು ಕುಡಿಯುವ ಮದ್ಯ ಇವು ಯಾವುವೂ ಬೇಡ. ಕುಡಿದ ನಂತರ ಹಾರುವ ಮುನ್ನ ಕೆಲವು ದೇಶಗಳು ಎಂಟು ಗಂಟೆಗಳ, ಕೆಲವು ಹನ್ನೆರಡು ಗಂಟೆಗಳ ಅಂತರವನ್ನು ವಿಧಿಸಿವೆ. ಆದರೆ ಮದ್ಯ ತರಿಸುವ ನಿದ್ರೆ ರಾತ್ರಿಯ ಎರಡನೆಯ ಭಾಗದಲ್ಲಿ ಒಡೆದುಹೋಗುವುದರಿಂದ, ನಿಯಮ ಪಾಲಿಸಿದರೂ ದಣಿವು ಉಳಿಯುತ್ತದೆ. ಇನ್ನೊಂದು ಎಚ್ಚರಿಕೆ ನಿಮಗೆ. ಬದುಕುವುದು ಬೇಡವೆಂಬ ಮಾತು ಅವರ ಬಾಯಿಂದ ಬಂದರೆ, ಅಥವಾ ಹಾರುವ ಸ್ಥಿತಿಯಲ್ಲಿಲ್ಲದಿದ್ದರೂ ಹಟ ಹಿಡಿದು ಹೊರಟರೆ, ಅವರು ಕೋಪಿಸಿಕೊಳ್ಳುತ್ತಾರೆ ಎಂದು ಯೋಚಿಸದೆ ಆ ಹೊತ್ತಿನಲ್ಲೇ ವೈದ್ಯರಿಗೂ ಸಂಸ್ಥೆಗೂ ತಿಳಿಸಿ. ಅಲ್ಲಿಯವರೆಗೆ ತೀರ್ಮಾನ ಅವರದ್ದೇ ಆಗಿರಲಿ, ವೈದ್ಯರ ಬಳಿಗೆ ನೀವು ಜೊತೆಯಾಗಿ ಹೋಗಿ.

— ಒಬ್ಬ ವೈದ್ಯೆ

*

ನಾನು ಹಲವು ವರ್ಷ ವಿಮಾನ ಸಿಬ್ಬಂದಿಯ ಕೆಲಸದ ವೇಳೆ ಗೊತ್ತುಮಾಡುವ ಕ್ರ್ಯೂ ಶೆಡ್ಯೂಲಿಂಗ್ ವಿಭಾಗದಲ್ಲಿದ್ದೆ. ಕುಟುಂಬದವರು ಫೋನ್ ಮಾಡಿ ರಾತ್ರಿ ಡ್ಯೂಟಿ ಕಡಿಮೆ ಮಾಡಿ ಎಂದು ಕೇಳಿಕೊಂಡರೆ ಅಲ್ಲಿನ ಸಿಬ್ಬಂದಿ ಏನೂ ಮಾಡಲಾರರು. ಆದರೆ ಪೈಲಟ್ ಸ್ವತಃ ಕೊಟ್ಟ ದಣಿವಿನ ವರದಿ ಸುರಕ್ಷತಾ ವಿಭಾಗಕ್ಕೆ ಹೋಗುತ್ತದೆ, ಒಂದೇ ಬಗೆಯ ರಾತ್ರಿ ಜೋಡಣೆಯ, ಅಂದರೆ ಒಂದರ ಬೆನ್ನಿಗೊಂದು ಹೊಂದಿಸಿದ ಹಾರಾಟಗಳ ಬಗ್ಗೆ ಹಲವರು ಬರೆದಾಗ ಆ ಜೋಡಣೆಯನ್ನೇ ಬದಲಿಸಿದ್ದನ್ನು ನಾನು ನೋಡಿದ್ದೇನೆ. ಇಚ್ಛೆಯನ್ನು ಮೊದಲೇ ನಮೂದಿಸುವ ವ್ಯವಸ್ಥೆ ಇರುವಲ್ಲಿ, ಹೆಚ್ಚಿನವರು ರಜೆಯ ದಿನಗಳನ್ನು ಮಾತ್ರ ಕೇಳುತ್ತಾರೆ. ರಾತ್ರಿ ಹಾರಾಟದಿಂದ ತಕ್ಷಣ ಮುಂಜಾನೆಯ ಹಾರಾಟಕ್ಕೆ ಜಿಗಿಯುವ ಜೋಡಣೆ ಬೇಡ ಎಂದು ಕೇಳುವವರು ಕಡಿಮೆ. ದೇಹವನ್ನು ಹೆಚ್ಚು ಹಿಂಡುವುದು ಆ ಜಿಗಿತವೇ ಆದ್ದರಿಂದ ಅದನ್ನೇ ಮೊದಲು ಕೇಳಲಿ.

— ಮಾಜಿ ರೋಸ್ಟರ್ ಅಧಿಕಾರಿ

*

ತಂಗೀ, ನಾನು ಕ್ಯಾಪ್ಟನ್ ಒಬ್ಬರ ಪತ್ನಿ. ನಿನ್ನ ಪತ್ರದಲ್ಲಿ ಎಲ್ಲರೂ ಅವರ ಕಷ್ಟವನ್ನು ಕಾಣುತ್ತಾರೆ, ನಿನ್ನದನ್ನೂ ಯಾರಾದರೂ ಕಾಣಬೇಕು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ಪೈಲಟ್‌ನ ಹೆಂಡತಿ ತಿಂಗಳ ಅರ್ಧ ಭಾಗ ಒಬ್ಬಳೇ ಮನೆ ನಡೆಸುವವಳು. ಮಗುವಿಗೆ ಜ್ವರ ಬಂದಾಗ, ನಲ್ಲಿ ಒಡೆದಾಗ, ಶಾಲೆಯಿಂದ ಕರೆ ಬಂದಾಗ ತೀರ್ಮಾನಿಸುವವಳು ಅವಳೇ. ಅವರು ಮರಳಿದ ದಿನ ಆ ಅಧಿಕಾರವನ್ನು ಹಂಚಿಕೊಳ್ಳಬೇಕು, ಹೊರಟ ದಿನ ಮತ್ತೆ ಪೂರ್ತಿ ಹೊರಬೇಕು. ಈ ಏರಿಳಿತವೇ ನಮ್ಮನ್ನು ಸಿಡುಕರನ್ನಾಗಿ ಮಾಡುತ್ತದೆ.

ನಮ್ಮ ಮನೆಯಲ್ಲಿ ನಡೆದುಬಂದ ಕ್ರಮವನ್ನು ಹೇಳುತ್ತೇನೆ. ರಾತ್ರಿ ಹಾರಾಟದಿಂದ ಬಂದ ದಿನವನ್ನು ನಾವು ರಜೆಯೆಂದು ಎಣಿಸುವುದಿಲ್ಲ. ಆ ದಿನ ಅವರಿಂದ ಯಾವ ನಿರ್ಧಾರವನ್ನೂ ಕೇಳುವುದಿಲ್ಲ, ಅವರಿಂದ ಸಿಹಿ ಮಾತನ್ನೂ ನಿರೀಕ್ಷಿಸುವುದಿಲ್ಲ. ಮರುದಿನ ಬೆಳಗಿನ ಒಂದಿಷ್ಟು ಹೊತ್ತು ಮಾತಿಗೆಂದೇ ಮೀಸಲು, ಆಗ ಫೋನ್ ಬದಿಗಿರುತ್ತದೆ. ಜಗಳದ ವಿಷಯವೂ ಅಲ್ಲಿಗೇ ಬರುತ್ತದೆ. ಹಾರಾಟಕ್ಕೆ ಹೊರಡುವ ಹೊತ್ತಿನಲ್ಲಿ ಜಗಳವಾಡಬಾರದು ಎಂದು ಹಿರಿಯ ಹೆಂಗಸರು ನಮಗೆ ಹೇಳಿಕೊಟ್ಟಿದ್ದರು, ಅದು ಸರಿಯೇ; ಆದರೆ ಆ ನೆಪದಲ್ಲಿ ಎಲ್ಲ ಮಾತನ್ನೂ ನುಂಗಿಕೊಳ್ಳುತ್ತ ಹೋದ ಸಂಸಾರಗಳು ಒಳಗೇ ಹಳಸಿದ್ದನ್ನೂ ಕಂಡಿದ್ದೇನೆ. ಆದ್ದರಿಂದ ಮುಂದೂಡಿದ ಮಾತಿಗೆ ಒಂದು ದಿನ ಗೊತ್ತುಮಾಡಿಕೊ. ಮಲಗುವ ಕೋಣೆಗೆ ದಪ್ಪ ಪರದೆ ಹಾಕಿಸು. ನಿನಗೂ ವಾರಕ್ಕೊಮ್ಮೆಯಾದರೂ ಮಗುವನ್ನು ನೋಡಿಕೊಳ್ಳುವವರು ಬೇಕು, ಅದನ್ನು ಕೇಳಲು ಸಂಕೋಚಪಡಬೇಡ.

— ಗೃಹಿಣಿ

*

ನಾನೂ ಫಸ್ಟ್ ಆಫೀಸರ್ ಆಗಿರುವುದರಿಂದ ನಿಮ್ಮ ಯಜಮಾನರು ನಿಮಗೆ ಹೇಳದ ಸಂಗತಿಯನ್ನು ಊಹಿಸಬಲ್ಲೆ. ನಮ್ಮಲ್ಲಿ ಹೆಚ್ಚಿನವರು ತರಬೇತಿಗಾಗಿ ದೊಡ್ಡ ಸಾಲ ಮಾಡಿ ಬಂದವರು, ಆದ್ದರಿಂದ ಮೂರು ತಿಂಗಳು ನೆಲದಲ್ಲಿರಬೇಕಾದೀತು ಎಂಬ ಮಾತು ಕಿವಿಗೆ ಬಿದ್ದೊಡನೆ ಕಣ್ಣೆದುರು ಬರುವುದು ಕಂತು. ವೈದ್ಯರ ಬಳಿ ಹೋಗುವ ಮಾತಿಗಿಂತ ಮೊದಲು ಈ ಲೆಕ್ಕವನ್ನು ಇಬ್ಬರೂ ಕೂತು ಬಿಡಿಸಿ ನೋಡಿ: ವೈದ್ಯಕೀಯ ರಜೆಯಲ್ಲಿ ಮೂಲ ವೇತನ ಎಷ್ಟು ಕಾಲ ಬರುತ್ತದೆ, ಹಾರಾಟದ ಗಂಟೆಗಳ ಭತ್ಯೆ ನಿಂತರೆ ಎಷ್ಟು ಕೊರತೆಯಾಗುತ್ತದೆ, ಲೈಸೆನ್ಸ್ ನಷ್ಟದ ವಿಮೆ ಇದೆಯೇ, ಇದ್ದರೆ ಮಾನಸಿಕ ಕಾರಣಗಳನ್ನೂ ಅದು ಒಳಗೊಂಡಿದೆಯೇ. ವಿಮೆಯ ಷರತ್ತುಗಳನ್ನು ಪೂರ್ತಿ ಓದಿ, ಏಕೆಂದರೆ ಹಲವು ಪಾಲಿಸಿಗಳು ಅಲ್ಲಿಯೇ ಕೈಬಿಡುತ್ತವೆ. ಲೆಕ್ಕ ಕಾಗದದ ಮೇಲೆ ಬಂದಾಗ ಭಯಕ್ಕೆ ಒಂದು ಗಾತ್ರ ಸಿಗುತ್ತದೆ, ಆಮೇಲೆ ವೈದ್ಯರ ಮಾತನ್ನು ಎತ್ತಿದರೆ ಅವರು ಕೇಳಿಸಿಕೊಂಡಾರು. ಇದನ್ನು ನಾನು ನಂಬಿಕೆಯಿಂದ ಹೇಳುತ್ತಿದ್ದೇನೆ, ನನ್ನ ಜೊತೆಗಾರನೊಬ್ಬ ಈ ದಾರಿಯಲ್ಲೇ ಚಿಕಿತ್ಸೆಗೆ ಒಪ್ಪಿ, ಕೆಲವು ತಿಂಗಳು ನೆಲದಲ್ಲಿದ್ದು, ಈಗ ಮತ್ತೆ ಹಾರುತ್ತಿದ್ದಾನೆ.

— ಯುವ ಪೈಲಟ್

*

ನನ್ನ ತಂದೆ ಪೈಲಟ್ ಆಗಿದ್ದರು, ಆದ್ದರಿಂದ ನಿಮ್ಮ ಮಗಳ ಪರವಾಗಿ ಒಂದೆರಡು ಮಾತು. ಅಪ್ಪ ರೇಗಿದರೆ ಮಗು ಅದಕ್ಕೆ ತಾನೇ ಕಾರಣ ಎಂದುಕೊಳ್ಳುತ್ತದೆ. ರಾತ್ರಿಯೆಲ್ಲ ಎಚ್ಚರವಿದ್ದವರಿಗೆ ಮಾತು ಒರಟಾಗುತ್ತದೆ ಎಂಬುದನ್ನು ಅವಳಿಗೆ ಅರ್ಥವಾಗುವಂತೆ ಅವರೇ ಹೇಳಲಿ. ವಾಪಸಾಗುವ ದಿನವನ್ನು ಖಚಿತವಾಗಿ ಹೇಳಿ ಮಾತು ಕೊಡಬೇಡಿ. ಮಂಜು ಕವಿದರೆ, ವಿಮಾನ ಕೆಟ್ಟರೆ, ಇನ್ನೊಬ್ಬರು ಕಾಯಿಲೆ ಬಿದ್ದರೆ ಆ ದಿನ ಜಾರುತ್ತದೆ, ಮಗುವಿನ ನೆನಪಿನಲ್ಲಿ ಅದು ಸುಳ್ಳಾಗಿ ಉಳಿಯುತ್ತದೆ. "ಬರಬೇಕಾದ ದಿನ ಇದು, ತಡವಾದರೆ ಫೋನ್ ಮಾಡುತ್ತಾರೆ" ಎಂದರೆ ಸಾಕು. ಕರೆ ಮಾತ್ರ ತಪ್ಪಬಾರದು, ಹಾರಾಟಗಳ ನಡುವೆ ಬೇರೆ ಊರಿನಲ್ಲಿ ತಂಗುವ ಲೇಓವರ್ ಹೋಟೆಲಿನಲ್ಲಿ ಅವರು ಮಲಗುವ ಮುನ್ನವೇ ಅದು ಮುಗಿದಿದ್ದರೆ ಅವರ ನಿದ್ರೆಗೂ ತೊಂದರೆಯಾಗುವುದಿಲ್ಲ.

— ಒಬ್ಬ ಮಗಳು