ಹಡಗಿನಲ್ಲಿ ಪ್ಲವಕ ಸ್ಯಾಂಪಲ್: ಫ್ಲೋಮೀಟರ್ ಲೆಕ್ಕ, ಫಾರ್ಮಲಿನ್, ಲೇಬಲ್ – ಹೊರಡೋ ಮುಂಚೆ ಏನೇನು ಸರಿ ಮಾಡ್ಕೋಬೇಕು?

ಗೊರೂರು_ಹಿನ್ನೀರು (ಹಾಸನ)

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಕೊಚ್ಚಿಯಿಂದ ಹೊರಡುವ ಸಂಶೋಧನಾ ಹಡಗಿನಲ್ಲಿ ಪ್ರಾಣಿಪ್ಲವಕದ (ನೀರಿನ ಹರಿವಿನ ಜೊತೆ ತೇಲುವ ಸಣ್ಣ ಪ್ರಾಣಿಗಳ) ಕೆಲಸ ನನ್ನ ಪಾಲಿಗೆ ಬಂದಿದೆ. ಅರಬ್ಬಿ ಸಮುದ್ರದಲ್ಲಿ 18 ಸ್ಟೇಷನ್. ಎಲ್ಲ ಕಡೆ ಡಬ್ಲ್ಯುಪಿ-2 ಬಲೆಯನ್ನು (ಬಾಯಿ 57 ಸೆಂ.ಮೀ., ಕಣ್ಣು 200 ಮೈಕ್ರಾನ್) 200 ಮೀಟರ್ ಆಳದಿಂದ ನೆಟ್ಟಗೆ ಮೇಲಕ್ಕೆ ಎಳೆಯಬೇಕು. ಆರು ಕಡೆ ಬೊಂಗೋ ಬಲೆಯನ್ನು (ಪಕ್ಕಪಕ್ಕ ಎರಡು ಬಾಯಿ ಇರುವುದು) ಓರೆಯಾಗಿ ಎಳೆಯುವುದೂ ಇದೆ.

ಕೈ ಪಳಗಲಿ ಅಂತ ಗೊರೂರಿನಲ್ಲಿ ಹೇಮಾವತಿ ಹಿನ್ನೀರಿಗೆ 30 ಸೆಂ.ಮೀ. ಬಾಯಿಯ ಬಲೆ ಇಳಿಸಿ ನೋಡುತ್ತಿದ್ದೇವೆ. ಬಲೆಯ ಬಾಯಿಗೆ ಜನರಲ್ ಓಶಿಯಾನಿಕ್ಸ್ ಕಂಪನಿಯ 2030 ಫ್ಲೋಮೀಟರ್ (ಒಳಗೆ ಹೋದ ನೀರನ್ನು ರೆಕ್ಕೆಯ ಸುತ್ತಿನಿಂದ ಅಳೆಯುವ ಮೀಟರ್) ಕಟ್ಟಿದ್ದೇವೆ. ಲೆಕ್ಕದ ಪ್ರಕಾರ 10 ಮೀಟರ್ ಎಳೆತಕ್ಕೆ ಸುಮಾರು 370 ಅಂಕಿ ಓಡಬೇಕು. ಆದರೆ ಒಮ್ಮೆ 140, ಇನ್ನೊಮ್ಮೆ 220 ಬರುತ್ತಿದೆ. ಮೀಟರ್ ಕೆಟ್ಟಿದೆಯಾ, ನಾವು ಎಳೆಯೋದು ತಪ್ಪಾ?

ಇನ್ನೂ ಎರಡು ಸಂಶಯ. ಫಾರ್ಮಲಿನ್ 4% ಅಂತ ಒಬ್ಬರು, 10% ಅಂತ ಇನ್ನೊಬ್ಬರು ಹೇಳುತ್ತಾರೆ, ಯಾವುದು ಸರಿ? ದಾಖಲೆ ಪುಸ್ತಕದಲ್ಲಿ ಬಿಡಲೇಬಾರದ ಕಾಲಂಗಳು ಯಾವುವು?

ಬಾಬಾಬುಡನ್_ತಪ್ಪಲು (ಚಿಕ್ಕಮಗಳೂರು)

ಮೀಟರ್ ಕೆಟ್ಟಿಲ್ಲ. ಬಲೆ ಇಳಿಯುವಾಗ ನೀರು ಹಿಂದಿನಿಂದ ನುಗ್ಗಿ ರೆಕ್ಕೆಯನ್ನು ಉಲ್ಟಾ ತಿರುಗಿಸುತ್ತದೆ. ಇದು ಗೇರಿನ ಮೀಟರ್, ರೆಕ್ಕೆ ಹಿಂದಕ್ಕೆ ತಿರುಗಿದರೆ ಅಂಕಿಯೂ ಹಿಂದಕ್ಕೆ ಓಡುತ್ತದೆ. ಕೈಯಲ್ಲಿ ಹಿಂದಕ್ಕೆ ತಿರುಗಿಸಿ ನೋಡಿ, ಕಣ್ಣಿಗೇ ಕಾಣುತ್ತೆ. ಇಳಿಯುವಾಗ ಕಳೆದದ್ದು, ಏರುವಾಗ ಕೂಡಿದ್ದು, ಕೊನೆಗೆ ಉಳಿದದ್ದು ನಿಮ್ಮ 140. ನೆಟ್ಟಗೆ ಎಳೆಯುವ ಬಲೆಗೆ ಹಿಂದಕ್ಕೆ ತಿರುಗದಂತೆ ತಡೆ ಇರುವ ಮಾದರಿಯೇ ಬೇಕು. ಹಡಗಿನಲ್ಲಿ ಯಾವುದಿದೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಎರಡನೇ ಕಾರಣ, ಕೈಯಲ್ಲಿ ನಿಧಾನವಾಗಿ, ತಡೆದು ತಡೆದು ಎಳೆದರೆ ರೆಕ್ಕೆ ಸರಿಯಾಗಿ ತಿರುಗುವುದೇ ಇಲ್ಲ.

ಗೊರೂರಿನಲ್ಲಿ ಮಾಡಬಹುದಾದ ಉಪಯೋಗದ ಕೆಲಸ ಬೇರೆ ಇದೆ. ಬಲೆ ಬಿಚ್ಚಿ, ಬಾಯಿಯ ಬರೀ ಬಳೆಗೆ (ಉಂಗುರಕ್ಕೆ) ಮೀಟರ್ ಕಟ್ಟಿ, ನಿಂತ ನೀರಿನಲ್ಲಿ ದಡದ ಉದ್ದಕ್ಕೆ ಅಳತೆ ಹಿಡಿದ 50 ಮೀಟರ್ ಎಳೆಯಿರಿ. ಹೋಗುತ್ತಾ ಐದು ಸಲ, ಬರುತ್ತಾ ಐದು ಸಲ. ಪ್ರತಿ ಸಲ 1,860ರ ಆಸುಪಾಸು ಬರಬೇಕು. ಹಡಗಿನಿಂದ ಇಳಿದ ಮೇಲೂ ಇದೇ ಪರೀಕ್ಷೆ ಮಾಡಿ ಎರಡೂ ಫಲಿತಾಂಶ ಬರೆದಿಡಿ.

ಲೆಕ್ಕ ಹೀಗೆ: ಅಂಕಿಯ ವ್ಯತ್ಯಾಸವನ್ನು 26,873ರಿಂದ (ಈ ಮೀಟರಿನ ಮಾಮೂಲಿ ರೆಕ್ಕೆಯ ಸ್ಥಿರಾಂಕ) ಗುಣಿಸಿ 9,99,999ರಿಂದ ಭಾಗಿಸಿದರೆ ಮೀಟರಿನಲ್ಲಿ ದೂರ. ಅದನ್ನು ಬಾಯಿಯ ವಿಸ್ತೀರ್ಣದಿಂದ ಗುಣಿಸಿದರೆ ಸೋಸಿದ ನೀರು. 57 ಸೆಂ.ಮೀ. ಬಾಯಿ ಅಂದರೆ 0.255 ಚದರ ಮೀಟರ್. ಶುರುವಿನಲ್ಲಿ 104250, ಕೊನೆಯಲ್ಲಿ 111690 ಇದ್ದರೆ ವ್ಯತ್ಯಾಸ 7,440. ದೂರ 200 ಮೀಟರ್, ನೀರು 51 ಘನ ಮೀಟರ್. ಅದೇ 200 ಮೀಟರ್ ಎಳೆತಕ್ಕೆ ವ್ಯತ್ಯಾಸ 5,200 ಮಾತ್ರ ಬಂದರೆ 140 ಮೀಟರಿನಷ್ಟು ನೀರಷ್ಟೇ ಒಳಗೆ ಹೋಗಿದೆ, ಅಂದರೆ ಬಲೆಯ ಕಣ್ಣು ಕಟ್ಟಿದೆ. ಅರಬ್ಬಿ ಸಮುದ್ರದಲ್ಲಿ ಟ್ರೈಕೋಡೆಸ್ಮಿಯಂ ಎಂಬ ಸೂಕ್ಷ್ಮಜೀವಿ ಮರದ ಪುಡಿ ಚೆಲ್ಲಿದ ಹಾಗೆ ತೇಲುವಾಗ, ಉತ್ತರ ಭಾಗದಲ್ಲಿ ಚಳಿಗಾಲದ ಕೊನೆಗೆ ಹಸಿರು ನಾಕ್ಟಿಲುಕಾ ಎಂಬ ಏಕಕೋಶ ಜೀವಿ ಬಂದಾಗ, ಸಾಲ್ಪ್‌ಗಳು (ಲೋಳೆಮೈಯ ತೇಲುವ ಪ್ರಾಣಿಗಳು) ಹಿಂಡುಗಟ್ಟಿದಾಗ ಹೀಗಾಗುತ್ತದೆ. ಅಂಥ ಕಡೆ ಆಳ ಕಡಿಮೆ ಮಾಡಿ ಇನ್ನೊಂದು ಎಳೆತ ತೆಗೆಯಿರಿ. ಮೊದಲನೆಯದನ್ನು ಚೆಲ್ಲಬೇಡಿ, ಷರಾ ಬರೆದು ಇಟ್ಟುಕೊಳ್ಳಿ.

ಮೀಟರನ್ನು ಬಾಯಿಯ ನಟ್ಟನಡುವೆ ಕಟ್ಟಬೇಡಿ. ನಡುವಿಗೂ ಅಂಚಿಗೂ ಮಧ್ಯದಲ್ಲಿ ಇರಲಿ. ಡೆಕ್ ಮೇಲೆ ಗಾಳಿಗೇ ರೆಕ್ಕೆ ತಿರುಗುತ್ತದೆ, ಹಾಗಾಗಿ ನೀರಿಗೆ ಮುಟ್ಟಿಸುವ ತನಕ ಕೈಯಲ್ಲಿ ಹಿಡಿದಿರಿ, ಮೇಲೆ ಬಂದ ತಕ್ಷಣ ಓದಿ. ಓದುವವರು ಒಬ್ಬರು, ಬರೆಯುವವರು ಇನ್ನೊಬ್ಬರು, ಬರೆದವರು ಅಂಕಿಯನ್ನು ಜೋರಾಗಿ ತಿರುಗಿ ಹೇಳಬೇಕು. ವಿಂಚ್ ಸದ್ದಿನಲ್ಲಿ ಅರವತ್ತು, ಎಪ್ಪತ್ತು ಎರಡೂ ಒಂದೇ ಥರ ಕೇಳುತ್ತೆ.

ಇನ್ನು ವೈರ್. ಡಬ್ಲ್ಯುಪಿ-2 ಏರುವ ವೇಗ ನಿಮಿಷಕ್ಕೆ 45 ಮೀಟರ್, 200 ಮೀಟರಿಗೆ ನಾಲ್ಕೂವರೆ ನಿಮಿಷ. ನಡುವೆ ನಿಲ್ಲಿಸಲೇಬಾರದು. ನಿಂತರೆ ಬಲೆ ಮುದುಡಿಕೊಳ್ಳುತ್ತದೆ, ಚುರುಕಾದ ಕೋಪೆಪಾಡ್‌ಗಳು (ಸೀಗಡಿ ಬಳಗದ ಪುಟ್ಟ ಪ್ರಾಣಿಗಳು) ಬಾಯಿಯಿಂದ ಆಚೆ ಹೋಗುತ್ತವೆ. ಹಡಗು ನಿಂತಿದ್ದರೂ ಗಾಳಿಗೆ ಜರುಗುವುದರಿಂದ ವೈರ್ ಓರೆಯಾಗುತ್ತದೆ, ಆಗ 200 ಮೀಟರ್ ವೈರ್ ಬಿಟ್ಟರೆ 200 ಮೀಟರ್ ಆಳ ಸಿಗುವುದಿಲ್ಲ. ಕೋನ ಅಳೆದು ಕೊಸೈನಿನಿಂದ ಭಾಗಿಸಿ: 20 ಡಿಗ್ರಿಗೆ 213 ಮೀಟರ್ ಬಿಡಬೇಕು, 30 ಡಿಗ್ರಿಗೆ 231. ಅದಕ್ಕೂ ಜಾಸ್ತಿ ಓರೆಯಾದರೆ ಹಡಗನ್ನು ಸರಿಮಾಡಲು ಬ್ರಿಡ್ಜಿಗೆ ಹೇಳಿ, ಕೆಳಗಿನ ಭಾರ ಹೆಚ್ಚಿಸಿ.

ಬೊಂಗೋದಲ್ಲಿ ಓರೆಯೇ ಬೇಕು. ಹಡಗು ಒಂದೂವರೆಯಿಂದ ಎರಡು ನಾಟ್, ವೈರ್ 45 ಡಿಗ್ರಿ, 300 ಮೀಟರ್ ಬಿಟ್ಟರೆ 212 ಮೀಟರ್ ಆಳ. ಇಳಿಸುವುದು ನಿಮಿಷಕ್ಕೆ 50 ಮೀಟರ್, ಎಳೆಯುವುದು 20. ಏರುವ ಹದಿನೈದು ನಿಮಿಷವೂ ಒಬ್ಬರು ಕೋನ ನೋಡುತ್ತಾ ಬ್ರಿಡ್ಜಿಗೆ ಕೂಗಿ ಹೇಳುತ್ತಿರಬೇಕು. ಎರಡೂ ಬಾಯಿಗೆ ಬೇರೆ ಬೇರೆ ಮೀಟರ್ ಇರಲಿ. ಒಂದರ ಓದು ಮಾತ್ರ ಕುಸಿದಿದ್ದರೆ ಆ ಕಡೆಯ ಬಲೆ ಸುತ್ತಿಕೊಂಡಿರುತ್ತದೆ ಅಥವಾ ಕಟ್ಟಿರುತ್ತದೆ.

ಬಲೆ ಇಳಿಸುವ ಮುಂಚೆ ಅಡುಗೆಮನೆಯ ಕಸ, ಕೊಳೆನೀರು ಆ ಪಕ್ಕಕ್ಕೆ ಬಿಡದಂತೆ ಹೇಳಿ. ಕೋಪೆಪಾಡ್‌ಗಳ ನಡುವೆ ಅನ್ನದ ಅಗುಳು, ಸಾಸಿವೆ ಸಿಕ್ಕರೆ ಆ ಎಳೆತದ ತೂಕಕ್ಕೆ ಬೆಲೆಯೇ ಇರೋದಿಲ್ಲ.

ಯಗಚಿ_ತೀರ (ಬೇಲೂರು)

ಮೇಲಿನವರು ಬಲೆಯದ್ದು ಪೂರ್ತಿ ಹೇಳಿದ್ದಾರೆ. ಬಲೆ ಮೇಲೆ ಬಂದ ಮೇಲಿನದ್ದು ನಾನು ಹೇಳ್ತೀನಿ.

ಬಲೆಯನ್ನು ಹೊರಗಿನಿಂದ ತೊಳೆಯಬೇಕು, ಮೇಲಿನಿಂದ ಕೆಳಕ್ಕೆ, ಸಮುದ್ರದ ನೀರಿನ ಪೈಪಿನಲ್ಲಿ. ಬಾಯೊಳಗೆ ಪೈಪ್ ಇಟ್ಟರೆ ನೀವು ಸೋಸದ ನೀರಿನ ಪ್ರಾಣಿಗಳೂ ಲೆಕ್ಕಕ್ಕೆ ಸೇರುತ್ತವೆ. ನಲ್ಲಿ ನೀರು ಬೇಡವೇ ಬೇಡ, ಉಪ್ಪುನೀರಿನ ಮೆತ್ತನೆ ಜೀವಿಗಳು ಸಿಹಿನೀರು ತಾಗಿದರೆ ಊದಿ ಒಡೆಯುತ್ತವೆ. ಗೊರೂರಿನಲ್ಲಿ ಕಲಿತ ಅಭ್ಯಾಸದಲ್ಲಿ ಇದೊಂದನ್ನು ಮರೆತೇ ಹೋಗಿ. ಸಿಹಿನೀರು ಬೇಕಾಗುವುದು ದಿನದ ಕೊನೆಗೆ, ಖಾಲಿ ಬಲೆಗೆ. ಆಮೇಲೆ ನೆರಳಲ್ಲಿ ಒಣಗಿಸಿ, ಬಿಸಿಲಿಗೆ ನೈಲಾನ್ ಜೀವ ಕಳೆದುಕೊಳ್ಳುತ್ತದೆ.

ಅಂಗೈ ಅಗಲದ ಜೆಲ್ಲಿ ಮೀನು ಬಂದರೆ ಬಕೆಟ್ ಮೇಲೆಯೇ ಹಿಡಿದು ತೊಳೆದು, ಅಳತೆ ಬರೆದು, ಫೋಟೋ ತೆಗೆದು ಬೇರೆ ಇಡಿ. ಅದರ ಮೈಯೆಲ್ಲ ಹೆಚ್ಚುಕಮ್ಮಿ ನೀರೇ, ಬಾಟಲಿಗೆ ಹಾಕಿದರೆ ಫಾರ್ಮಲಿನ್ ತೆಳುವಾಗಿ ಉಳಿದದ್ದೂ ಕೊಳೆಯುತ್ತದೆ.

ಈಗ 4% – 10% ಗೊಂದಲ. ಇಬ್ಬರೂ ಹೇಳುತ್ತಿರುವುದು ಒಂದನ್ನೇ. ಅಂಗಡಿಯಲ್ಲಿ ಸಿಗುವ ಫಾರ್ಮಲಿನ್‌ನಲ್ಲಿ ಫಾರ್ಮಾಲ್ಡಿಹೈಡ್ ಇರುವುದು 37–40%. ಅದರ ಒಂದು ಪಾಲಿಗೆ ಒಂಬತ್ತು ಪಾಲು ಸ್ಯಾಂಪಲ್ ನೀರು ಸೇರಿದರೆ 10% ಫಾರ್ಮಲಿನ್, ಅಂದರೆ 4% ಫಾರ್ಮಾಲ್ಡಿಹೈಡ್. 500 ಮಿ.ಲೀ. ಬಾಟಲಿಗೆ 50 ಮಿ.ಲೀ. ಲೇಬಲ್ ಮೇಲೆ "4% ಫಾರ್ಮಾಲ್ಡಿಹೈಡ್" ಎಂದೇ ಬರೆಯಿರಿ. ಬರೀ "4%" ಅಂತ ಬರೆದರೆ ಮುಂದಿನವರು 4% ಫಾರ್ಮಲಿನ್ ಅಂದುಕೊಳ್ಳುತ್ತಾರೆ, ಅಷ್ಟು ತೆಳುವಿನಲ್ಲಿ ಸ್ಯಾಂಪಲ್ ಬಾಳುವುದಿಲ್ಲ.

ಬಿಳಿಗಾರ (ಬೋರಾಕ್ಸ್) ಹಾಕದ ಫಾರ್ಮಲಿನ್ ಹುಳಿಯಾಗುತ್ತದೆ. ಟೆರೊಪಾಡ್ (ತೇಲುವ ಬಸವನಹುಳು), ಫೊರಾಮಿನಿಫೆರಾ (ಚಿಪ್ಪಿರುವ ಏಕಕೋಶ ಜೀವಿ) ಇವುಗಳ ಸುಣ್ಣದ ಚಿಪ್ಪು ಕೆಲವೇ ದಿನದಲ್ಲಿ ಕರಗಿ, ಗುರುತು ಹಿಡಿಯಲಾಗದ ಲೋಳೆ ಉಳಿಯುತ್ತದೆ. ಲೀಟರಿಗೆ 30 ಗ್ರಾಂ ಬಿಳಿಗಾರ ಹಾಕಿ, ಹೊರಡುವ ಒಂದು ವಾರ ಮುಂಚೆಯೇ ಕಲಸಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಳಸಿ. ಮರುದಿನ, ಒಂದು ವಾರಕ್ಕೆ, ಒಂದು ತಿಂಗಳಿಗೆ ಪಿಎಚ್ ನೋಡಿ. 7ಕ್ಕಿಂತ ಕೆಳಗೆ ಬರಬಾರದು, 8.2 ದಾಟಲೂ ಬಾರದು. ಅಕಾಂಥೇರಿಯಾ ಎಂಬ ಏಕಕೋಶ ಜೀವಿಯ ಅಸ್ಥಿ ಸ್ಟ್ರಾನ್ಷಿಯಂ ಸಲ್ಫೇಟಿನದು, ಫಾರ್ಮಲಿನ್‌ನಲ್ಲಿ ಕರಗಿಹೋಗುತ್ತದೆ. ಅದರ ಲೆಕ್ಕ ಬೇಕಿದ್ದರೆ ಜೀವಂತ ಇರುವಾಗಲೇ ಸೂಕ್ಷ್ಮದರ್ಶಕಕ್ಕೆ ಹಾಕಿ.

ಬಾಟಲಿಯಲ್ಲಿ ತಂಗಿದ ಪ್ಲವಕ ಕಾಲು ಭಾಗ ಮೀರಬಾರದು. ಜಾಸ್ತಿ ಇದ್ದರೆ ಎರಡು ಬಾಟಲಿ ಮಾಡಿ, ಅಥವಾ ಫೋಲ್ಸಮ್ ಸ್ಪ್ಲಿಟರಿನಲ್ಲಿ (ಸ್ಯಾಂಪಲನ್ನು ಸಮಪಾಲು ಮಾಡುವ ಡಬ್ಬಿ) ಅರ್ಧ ಮಾಡಿ. ಸ್ಪ್ಲಿಟರ್ ಅನ್ನು ಓಲಾಡುವ ಮೇಜಿನ ಮೇಲಿಟ್ಟರೆ ಅರ್ಧ ಅರ್ಧವಾಗಿರುವುದಿಲ್ಲ, ಸಮುದ್ರ ಒರಟಾಗಿರುವ ದಿನ ಬಾಟಲಿಗಳೇ ವಾಸಿ. ಏನೇ ಮಾಡಿದರೂ ಹತ್ತು ನಿಮಿಷದೊಳಗೆ ಮುಗಿಸಿ. ತಡ ಮಾಡಿದರೆ ಬಾಣಹುಳುಗಳು ಬಕೆಟ್ಟಿನಲ್ಲೇ ಕೋಪೆಪಾಡ್ ತಿನ್ನಲು ಶುರು ಮಾಡುತ್ತವೆ. ಆಮೇಲೆ ಹೊಟ್ಟೆ ಸೀಳಿ ನೋಡುವವರಿಗೆ ಸಮುದ್ರದಲ್ಲಿ ತಿಂದದ್ದು ಯಾವುದು, ಬಕೆಟ್ಟಿನಲ್ಲಿ ತಿಂದದ್ದು ಯಾವುದು ಗೊತ್ತಾಗುವುದಿಲ್ಲ.

ಡಿಎನ್‌ಎಗೆ ಬೇಕಾದ ಪಾಲನ್ನು ಫಾರ್ಮಲಿನ್ ಹತ್ತಿರಕ್ಕೂ ಒಯ್ಯಬೇಡಿ. ಬಲೆಯ ಕಣ್ಣಿಗಿಂತ ಸಣ್ಣ ಕಣ್ಣಿನ ಜರಡಿಯಲ್ಲಿ ನೀರು ಬಸಿದು, 95% ಎಥನಾಲ್‌ಗೆ ಹಾಕಿ, 24 ಗಂಟೆಯೊಳಗೆ ಒಮ್ಮೆ ಎಥನಾಲ್ ಬದಲಾಯಿಸಿ. ಪ್ರಾಣಿಗಳ ಮೈನೀರು ಸೇರಿ ಮೊದಲ ಎಥನಾಲ್ ತೆಳುವಾಗಿರುತ್ತದೆ.

ಸಸ್ಯಪ್ಲವಕದ ನೀರು ನಿಸ್ಕಿನ್ ಬಾಟಲಿಯಿಂದ (ಬೇಕಾದ ಆಳದಲ್ಲಿ ಮುಚ್ಚಿ ನೀರು ತರುವ ಬಾಟಲಿ) ತೆಗೆದರೆ ಅದಕ್ಕೆ ಲೂಗಾಲ್ ಅಯೋಡಿನ್, 100 ಮಿ.ಲೀ.ಗೆ ಅರ್ಧದಿಂದ ಒಂದು ಮಿ.ಲೀ. ಹಾಲು ಹಾಕದ ತೆಳು ಟೀ ಬಣ್ಣ ಬಂದರೆ ಸಾಕು, ಡಿಕಾಕ್ಷನ್ ಬಣ್ಣಕ್ಕೆ ಹೋದರೆ ಜಾಸ್ತಿಯಾಯಿತು. ಕತ್ತಲಲ್ಲಿಡಿ, ಬಣ್ಣ ಮಾಸಿದಾಗ ಇನ್ನೆರಡು ಹನಿ ಹಾಕಿ.

ಸಕಲೇಶಪುರ_ಮಳೆ

ದಾಖಲೆ ಬಗ್ಗೆ. 1960–65ರ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನದಲ್ಲಿ ಬೇರೆ ಬೇರೆ ದೇಶದ ಹಡಗುಗಳಿಗೂ ಒಂದೇ ಬಲೆ ಗೊತ್ತು ಮಾಡಿದ್ದರು: ಬಾಯಿ ಒಂದು ಚದರ ಮೀಟರ್, 200 ಮೀಟರಿನಿಂದ ಮೇಲಕ್ಕೆ ನೆಟ್ಟನೆ ಎಳೆತ. ಆ ಬಾಟಲಿಗಳನ್ನು ಕೊಚ್ಚಿಯ ಕೇಂದ್ರದಲ್ಲಿ ಕೂತು ವಿಂಗಡಿಸಿದರು. ಹಡಗು ಯಾವುದಾದರೂ ಬಾಟಲಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಆಗಿದ್ದು ಬಲೆ, ಆಳ, ಎಳೆದ ರೀತಿ ಒಂದೇ ಇದ್ದು ಅದು ದಾಖಲೆಯಲ್ಲೂ ಇದ್ದದ್ದರಿಂದ. ಹಾಗಾಗಿ ಬಲೆಯ ಹೆಸರಷ್ಟೇ ಬರೆದು ಬಿಡಬೇಡಿ. ಬಾಯಿಯ ಅಳತೆ, ಕಣ್ಣು, ಎಳೆದ ರೀತಿ, ಬಿಟ್ಟ ವೈರ್, ಕೋನ, ಲೆಕ್ಕದ ಆಳ, ಏರಿದ ವೇಗ, ಮೀಟರಿನ ನಂಬರ್, ಎರಡೂ ಓದು ಪ್ರತಿ ಎಳೆತಕ್ಕೂ ಬೇಕು. ಗುಣಿಸಿದ ಉತ್ತರ ಮಾತ್ರ ಬರೆದು ಮೂಲ ಓದು ಬಿಟ್ಟರೆ ತಪ್ಪು ತಿದ್ದಲು ದಾರಿಯೇ ಇರುವುದಿಲ್ಲ.

ಸಮಯ ಮೂರು ಬರೆಯಿರಿ: ನೀರಿಗಿಳಿದದ್ದು, ಬೇಕಾದ ಆಳ ಮುಟ್ಟಿದ್ದು, ಮೇಲೆ ಬಂದದ್ದು. ಪ್ಲವಕ ರಾತ್ರಿ ಮೇಲಕ್ಕೆ, ಹಗಲು ಆಳಕ್ಕೆ ಹೋಗುವುದರಿಂದ ಸಮಯವಿಲ್ಲದ ಸಂಖ್ಯೆ ಯಾವ ಹೋಲಿಕೆಗೂ ಬರುವುದಿಲ್ಲ. ಹಡಗಿನ ಯಂತ್ರಗಳು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಓಡುತ್ತವೆ, ನಮ್ಮ ಕೈಗಡಿಯಾರ ಐದೂವರೆ ಗಂಟೆ ಮುಂದೆ. 12ನೇ ತಾರೀಖು ಬೆಳಗಿನ ಜಾವ 3 ಗಂಟೆಯ ಎಳೆತ ಯುಟಿಸಿಯಲ್ಲಿ 11ನೇ ತಾರೀಖು 21:30. ಯಾವ ಗಡಿಯಾರ ಅಂತ ಕಾಲಂ ತಲೆಯಲ್ಲೇ ಇರಲಿ.

ಅಕ್ಷಾಂಶದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. 12 ಡಿಗ್ರಿ 45 ಮಿನಿಟನ್ನು 12.45 ಅಂತ ಬರೆಯುತ್ತಾರೆ, ಅದು 12.75. ವ್ಯತ್ಯಾಸ ಸುಮಾರು 33 ಕಿ.ಮೀ., ನಮ್ಮ ಹಾಸನಕ್ಕೂ ಬೇಲೂರಿಗೂ ನೇರ ಗೆರೆಯಲ್ಲಿ ಹೆಚ್ಚುಕಮ್ಮಿ ಇರುವಷ್ಟು. ಕರಾವಳಿ ಹತ್ತಿರದ ಸ್ಟೇಷನ್‌ನ ರೇಖಾಂಶದಲ್ಲಿ ಇದೇ ತಪ್ಪಾದರೆ ನಕ್ಷೆಯಲ್ಲಿ ಅದು ಪಶ್ಚಿಮಕ್ಕೆ ಸರಿದು ಆಳ ಸಮುದ್ರದ ಕಡೆ ಹೋಗಿ ಕೂರುತ್ತದೆ.

ಲೇಬಲ್ ಬಾಟಲಿಯೊಳಗೂ ಬೇಕು, ಹೊರಗೂ ಬೇಕು. ಒಳಗಿನದು ನೀರಿಗೆ ಹರಿಯದ ಕಾಗದದ ಮೇಲೆ ಸೀಸದ ಕಡ್ಡಿಯಲ್ಲಿ. ಬಾಲ್‌ಪೆನ್, ಮಾರ್ಕರ್ ಎಥನಾಲ್‌ಗೆ ತೊಳೆದು ಹೋಗುತ್ತವೆ, ಲೇಸರ್ ಪ್ರಿಂಟಿನ ಅಕ್ಷರ ಹೆಕ್ಕಳೆ ಎದ್ದು ಬಾಟಲಿ ತಳದಲ್ಲಿ ಕರಿ ಪುಡಿಯಾಗಿ ಬಿದ್ದಿರುತ್ತದೆ. ಮುಚ್ಚಳದ ಮೇಲೆ ಮಾತ್ರ ಬರೆಯುವುದು ಬೇಡ, ತೊಳೆಯುವಾಗ ಮುಚ್ಚಳಗಳು ಅದಲುಬದಲಾಗುತ್ತವೆ. ಹಡಗು, ಯಾನದ ಸಂಖ್ಯೆ, ಸ್ಟೇಷನ್, ತಾರೀಖು, ಸಮಯ, ಬಲೆ, ಆಳ, ದ್ರಾವಣ, ಎಷ್ಟರಲ್ಲಿ ಎಷ್ಟನೇ ಬಾಟಲಿ, ಇಷ್ಟು ಸಾಕು. ಸ್ಪ್ಲಿಟ್ ಮಾಡಿದ್ದರೆ 1/2 ಅಂತ ಕಡ್ಡಾಯ, ಅದು ಬಿಟ್ಟುಹೋದರೆ ಸಮುದ್ರದಲ್ಲಿ ಇದ್ದದ್ದರ ಅರ್ಧವೇ ಲೆಕ್ಕಕ್ಕೆ ಬರುತ್ತದೆ.

ಎಕ್ಸೆಲ್‌ಗೆ ಏರಿಸುವಾಗ ಸ್ಟೇಷನ್ ಹೆಸರು 3-4 ಅಂತಿದ್ದರೆ ಅದು ತಾರೀಖಾಗಿ ಬದಲಾಗುತ್ತೆ, ಆ ಕಾಲಂ ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ. ಅಳೆಯದ್ದನ್ನು ಖಾಲಿ ಬಿಡಿ, ಸೊನ್ನೆ ಹಾಕಬೇಡಿ. ಸೊನ್ನೆ ಅಂದರೆ ಹುಡುಕಿದೆವು, ಇರಲಿಲ್ಲ ಅಂತ ಅರ್ಥ. ಪುಸ್ತಕದ ಪ್ರತಿ ಪುಟದ ಫೋಟೋ ಅವತ್ತೇ ರಾತ್ರಿ ತೆಗೆದಿಡಿ.

ಗೊರೂರು_ಹಿನ್ನೀರು (ಹಾಸನ)

ಮೂವರಿಗೂ ತುಂಬಾ ಧನ್ಯವಾದ. ಬಲೆ ಬಿಚ್ಚಿ 50 ಮೀಟರ್ ಎಳೆದದ್ದಾಯಿತು. ಹತ್ತು ಸಲದಲ್ಲಿ ಒಂಬತ್ತು ಓದು 1,820ಕ್ಕೂ 1,880ಕ್ಕೂ ನಡುವೆ ಇವೆ. ಒಂದು ಮಾತ್ರ 1,610. ಅದನ್ನು ತೆಗೆದು ಸರಾಸರಿ ಹಾಕಬಹುದಾ? ಇನ್ನೊಂದು, ಕೊಚ್ಚಿಯಿಂದ ಬಾಟಲಿಗಳನ್ನು ಹಾಸನಕ್ಕೆ ಬಸ್ಸಿನಲ್ಲಿ ತರಬಹುದಾ?

ಬಾಬಾಬುಡನ್_ತಪ್ಪಲು (ಚಿಕ್ಕಮಗಳೂರು)

1,610 ಯಾಕೆ ಬಂತು ಅಂತ ಗೊತ್ತಾಗದೆ ತೆಗೆಯಬೇಡಿ. ರೆಕ್ಕೆಯ ಅಚ್ಚಿಗೆ ಪಾಚಿಯ ಎಳೆ ಸುತ್ತಿದೆಯಾ ನೋಡಿ, ಹಿನ್ನೀರಿನ ಅಂಚಿನಲ್ಲಿ ಅದು ಸಾಮಾನ್ಯ. ಕೂದಲೆಳೆಯಷ್ಟು ಸಿಕ್ಕಿಕೊಂಡರೂ ಓದು ಇಳಿಯುತ್ತದೆ. ಎಳೆ ಸಿಕ್ಕರೆ ಕಾರಣ ಬರೆದು, ತೆಗೆದು, ಇನ್ನೊಂದು ಸಲ ಎಳೆಯಿರಿ. ಸಿಗದಿದ್ದರೆ ಆ ಅಂಕಿ ಪಟ್ಟಿಯಲ್ಲೇ ಉಳಿಯಲಿ, ಇನ್ನೂ ಹತ್ತು ಸಲ ಎಳೆದು ಆಮೇಲೆ ನೋಡೋಣ.

ಫಾರ್ಮಲಿನ್, ಎಥನಾಲ್ ಎರಡೂ ಜನ ಕೂರುವ ಬಸ್ಸಿನಲ್ಲಿ ಬೇಡ. ಒಂದು ಸೋರಿದರೆ ಕಣ್ಣು ಉರಿ, ಇನ್ನೊಂದಕ್ಕೆ ಬೆಂಕಿ. ಸಂಸ್ಥೆಯ ವಾಹನ ಕೇಳಿ, ಬಾಟಲಿಗಳನ್ನು ನಿಲ್ಲಿಸಿಯೇ ತನ್ನಿ. ಮುಚ್ಚಳಕ್ಕೆ ಎಲೆಕ್ಟ್ರಿಕಲ್ ಟೇಪ್ ಸುತ್ತಿ, ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕ್ರೇಟಿನಲ್ಲಿ ನಡುವೆ ರದ್ದಿ ಕಾಗದ ತುರುಕಿ. ಗಾಡಿ ಹತ್ತಿಸುವ ಮುಂಚೆ ಪಟ್ಟಿ ಹಿಡಿದು ಬಾಟಲಿ ಎಣಿಸಿ, ಹಾಸನದಲ್ಲಿ ಇಳಿಸಿದ ಮೇಲೆ ಅದೇ ಪಟ್ಟಿಯಲ್ಲಿ ಮತ್ತೆ ಟಿಕ್ ಹಾಕಿ.